ವೆನಿಸ್ಸಾಳ ಗ್ರೆನಡಾ

ವೆನಿಸ್ಸಾ ಬಾಯಿ ತೆರೆಯುತ್ತಿದ್ದದ್ದೇ ಕಡಿಮೆ. ತೆರೆದಾಗ ಕೆಲಸ ಕೆಟ್ಟದ್ದೇ ಹೆಚ್ಚು. ಕಿನ್ನಿಗೋಳಿಯಲ್ಲಿ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಇಂಗ್ಲಿಷ್ ಪಾಠ ಓದು ಎಂದು ಟೀಚರ್ ಹೇಳಿದ ದಿನವೆಲ್ಲ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಕೊನೆಗೆ ಹೊಟ್ಟೆನೋವೇ ಗೆದ್ದಿತು. ಮದುವೆಯಾಗಿ, ನರ್ಸ್ ಆಗಿದ್ದ ಗಂಡ ಮೆಲ್ರಾಯ್‌ನ ಹಿಂದೆ ಐರ್ಲೆಂಡಿನ ಕಿಲ್ಕೆನ್ನಿಗೆ ಬಂದಾಗ ಆ ಹೊಟ್ಟೆನೋವೂ ಜೊತೆಗೇ ವಿಮಾನ ಹತ್ತಿತ್ತು.

ಹಾಗಾಗಿ ಕೊರೊನಾ ಬಂದು ಊರಿಗೆಲ್ಲ ದುಃಖವಾದಾಗ ಅವಳಿಗೆ ಒಳಗೊಳಗೇ ಸಮಾಧಾನ. ಎದುರು ಸಿಕ್ಕವರನ್ನು ಕಂಡು ರಸ್ತೆ ದಾಟಿ ಆಚೆ ಹೋಗುವುದನ್ನು ಅವಳು ಮೊದಲಿನಿಂದಲೂ ಮಾಡುತ್ತಿದ್ದಳು. ಈಗ ಸರಕಾರವೇ ಅದನ್ನು ಎಲ್ಲರಿಗೂ ಕಲಿಸಿತು.

ಮೆಲ್ರಾಯ್ ಡ್ಯೂಟಿಗೆ ಹೋದ ಮೇಲೆ ಅವಳು ಫೋನಿನಲ್ಲಿ ದೇಶ ಸುತ್ತುತ್ತಿದ್ದಳು. ಲಾಕ್‌ಡೌನಿನ ಎರಡನೇ ಚಳಿಗಾಲದಲ್ಲಿ ಗ್ರೆನಡಾ ಎಂಬ ಕೆರಿಬಿಯನ್ ದ್ವೀಪದಲ್ಲಿ ಕಾಲು ನಟ್ಟಿತು. ಕಾರಣ ಜೀಗುಜ್ಜೆ, ಊರಿನ ಹಿತ್ತಲಲ್ಲಿ ಬೆಳೆಯುವ ಹಲಸಿನಂಥ ಕಾಯಿ. ಅಷ್ಟು ದೂರದ ಜನ ಅದನ್ನು ತೆಂಗಿನಹಾಲು, ಅರಿಶಿನ ಹಾಕಿ ಬೇಯಿಸುತ್ತಾರೆಂದು ಓದಿ ಅವಳಿಗೆ ಯಾರೋ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಆ ಖುಷಿಯಲ್ಲಿ, ಪೂಜೆಯ ಕೊನೆಗೆ ಇಗರ್ಜಿಯಲ್ಲಿ ಪಾದ್ರಿಗಳು ಪ್ರಕಟಣೆ ಓದುವ ಧಾಟಿಯಲ್ಲಿ, ಗಂಡನನ್ನು ನಗಿಸಲೆಂದು ಒಂದು ವಾಯ್ಸ್ ಮೆಸೇಜ್ ಮಾಡಿದಳು.

"ಪ್ರಿಯ ಬಾಂಧವರೇ, ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್. ಬಾವುಟದ ಮೇಲೆ ಜಾಯಿಕಾಯಿ. ಗಾಡಿಗಳು ನಮ್ಮ ಹಾಗೆ ಎಡಗಡೆ. ಡಾಲರ್ ಉಂಟು, ಅಮೆರಿಕದ್ದಲ್ಲ, ಪೂರ್ವ ಕೆರಿಬಿಯನ್ನಿನದು. ಜೂನ್ ನಂತರ ಚಂಡಮಾರುತದ ಭಯ, ಆದ್ದರಿಂದ ವರ್ಷದ ಆರಂಭದಲ್ಲೇ ಹೋಗತಕ್ಕದ್ದು. ನಮ್ಮ ಪಾಸ್‌ಪೋರ್ಟಿಗೆ ಮೂರು ತಿಂಗಳು ವೀಸಾ ಬೇಡವಂತೆ. ಇಗರ್ಜಿಗಳು ಧಾರಾಳ."

ಕಳಿಸಿ ನೋಡಿದರೆ ಅದು ಹೋದದ್ದು ಕಿಲ್ಕೆನ್ನಿಯ ಕನ್ನಡಿಗರ ವಾಟ್ಸಾಪ್ ಗ್ರೂಪಿಗೆ. ತಕ್ಷಣ ಅಳಿಸಿದಳು. ಮೆಸೇಜ್ ಮಾಯವಾಯಿತು. ದೇವರು ದೊಡ್ಡವನೆಂದು ಚಹಾ ಕುಡಿದಳು. ಮಾಯವಾದದ್ದು ತನ್ನ ಫೋನಿನಿಂದ ಮಾತ್ರ ಎಂದು ತಿಳಿದದ್ದು ಲೀಲಾವತಿ ಆಂಟಿಯ ಫೋನ್ ಬಂದಾಗ. ಆಕೆ ಡಾಕ್ಟರ್ ಜಯರಾಮರ ಹೆಂಡತಿ. ಗ್ರೂಪಿಗೆ ಆಕೆಯೇ ಅಡ್ಮಿನ್.

"ಕಳ್ಳಿ! ಒಂದು ಮಾತೂ ಹೇಳ್ಲಿಲ್ಲ ನೋಡು. ಮೆಲ್ರಾಯ್‌ಗೆ ಆಫರ್ ಬಂತಾ?"

"ಇಲ್ಲ ಆಂಟಿ, ಅದು ಸುಮ್ನೆ..."

"ಗೊತ್ತಮ್ಮಾ, ಕನ್ಫರ್ಮ್ ಆಗೋವರ್ಗೂ ಸುಮ್ನೆ ಅಂತಾನೇ ಹೇಳ್ಬೇಕು. ದೃಷ್ಟಿ ಬೀಳತ್ತೆ."

ಆಂಟಿಯದೂ ತಪ್ಪಲ್ಲ. ಮಸ್ಕತ್ತಿನಿಂದ ಐರ್ಲೆಂಡಿಗೆ, ಇಲ್ಲಿಂದ ಆಸ್ಟ್ರೇಲಿಯಾಕ್ಕೆ ಹಾರುವ ಈ ಜನರಲ್ಲಿ ಹೊರಡುವ ಯೋಚನೆಯಿಲ್ಲದೆ ಯಾರೂ ವೀಸಾ ವಿಚಾರಿಸುವುದಿಲ್ಲ. ಸುಮ್ಮನೆ ತಿಳಿದುಕೊಳ್ಳುವುದು ಎಂಬ ರೋಗ ವೆನಿಸ್ಸಾಳೊಬ್ಬಳಿಗೇ.

ಸಂಜೆ ವಿಷಯ ಕೇಳಿ ಮೆಲ್ರಾಯ್ ಹೊಟ್ಟೆ ಹಿಡಿದು ನಕ್ಕ. "ನಾನೇ ಗ್ರೂಪಲ್ಲಿ ಒಂದು ಲೈನ್ ಹಾಕ್ಲಾ?"

"ಬೇಡ, ನಾನೇ ಹೇಳ್ತೀನಿ," ಎಂದಳು. ಹೇಳಲಿಲ್ಲ. ದಿನಾ ಬೆಳಿಗ್ಗೆ ನಾಳೆ ಹೇಳುವುದೆಂದು ನಿರ್ಧರಿಸುವಷ್ಟು ಮಾತ್ರ ಅವಳ ಧೈರ್ಯ.

ಆ ಭಾನುವಾರ ಮನೆಯೊಡತಿ ಮಿಸೆಸ್ ಬ್ರೆನನ್ ಅವರಿಂದ ಮೆಸೇಜ್ ಬಂತು. ನೀವು ಹೋಗುತ್ತಿರುವುದು ಬೇಸರ, ಮನೆಯನ್ನು ಡಾಕ್ಟರ್ ಸೌರಭ್ ಕೇಳಿದ್ದಾರೆ, ನಾಳೆ ಸಹಿ ಮಾಡುತ್ತಾರೆ. ಆಕೆಗೆ ಸುದ್ದಿ ಮುಟ್ಟಿಸಿದ್ದು ಲೀಲಾವತಿ ಆಂಟಿ, ಗ್ರೂಪಿನಲ್ಲೇ ಇದ್ದ ಸೌರಭ್‌ಗೆ ಉಪಕಾರವಾಗಲೆಂದು. ಮೆಲ್ರಾಯ್‌ನ ನಗು ನಿಂತಿತು. ಈ ಊರಲ್ಲಿ ಬಾಡಿಗೆ ಮನೆ ಸಿಗುವುದಕ್ಕಿಂತ ಸ್ವರ್ಗದಲ್ಲಿ ಜಾಗ ಸಿಗುವುದು ಸುಲಭ.

"ಇವತ್ತು ಗ್ರೂಪಿನ ಝೂಮಲ್ಲಿ ಎಲ್ರೂ ಇರ್ತಾರೆ. ಹೇಳ್ತೀನಿ ಅಂದಿದ್ದೆ, ಹೇಳು. ಇಲ್ಲಾಂದ್ರೆ ನಿಜವಾಗ್ಲೂ ಗ್ರೆನಡಾಕ್ಕೇ ಹೋಗ್ಬೇಕು," ಎಂದು ಅವನು ಶೂ ಕಟ್ಟಿಕೊಂಡು ಡ್ಯೂಟಿಗೆ ಹೋದ.

ಝೂಮ್ ತೆರೆದರೆ ಅದು ಅವಳ ಬೀಳ್ಕೊಡುಗೆಯೇ. ಒಬ್ಬೊಬ್ಬರಾಗಿ ಅವಳನ್ನು ಹೊಗಳಿದರು. "ಎಷ್ಟು ಸೈಲೆಂಟ್ ಹುಡುಗಿ!" "ಒಬ್ಬರ ತಂಟೆಗೂ ಹೋದೋಳಲ್ಲ." ಇಷ್ಟೊಂದು ಒಳ್ಳೆಯ ಮಾತು ಸತ್ತವರಿಗೆ ಮಾತ್ರ ಸಿಗುತ್ತದೆಂದು ವೆನಿಸ್ಸಾ ಎಣಿಸಿದ್ದಳು. ಕೇಳಲು ಹಿತವಾಗಿತ್ತು. ಇವರ ಮುಖ ಮುರಿಯುವುದಕ್ಕಿಂತ ದ್ವೀಪಕ್ಕೆ ಹೋಗಿ ಜೀಗುಜ್ಜೆ ತಿಂದುಕೊಂಡಿರುವುದೇ ವಾಸಿ ಎಂದು ಒಂದು ಕ್ಷಣ ನಿಜಕ್ಕೂ ಅನಿಸಿತು.

ಆಗ ಸೌರಭ್‌ನ ಹೆಂಡತಿ ಶೆರಿನ್, ಮಗುವನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಾಗಿದಳು. "ವೆನಿಸ್ಸಾ, ಹಿಂದಿನ ರೂಮಿನ ಕಿಟಕಿ ಹತ್ರ ಬಿಸಿಲು ಬರತ್ತಲ್ವಾ? ಅಲ್ಲೇ ಇವಳ ತೊಟ್ಟಿಲು ಇಡೋಣಾಂತ."

ಅದು ವೆನಿಸ್ಸಾ ದಿನಾ ಕೂರುವ ಜಾಗ.

"ಆ ರೂಮು ಕೊಡಲ್ಲ," ಎಂದಳು.

ಮ್ಯೂಟ್ ತೆಗೆದಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಪರದೆಯ ಎಲ್ಲ ಚೌಕಗಳೂ ಅವಳತ್ತ ತಿರುಗಿದವು.

"ಮನೆನೂ ಕೊಡಲ್ಲ. ನಾವೆಲ್ಲೂ ಹೋಗ್ತಿಲ್ಲ. ಅದು ಗಂಡಂಗೆ ಕಳ್ಸಿದ್ದು, ತಪ್ಪಿ ಬಂತು. ಸಾರಿ."

"ಮತ್ತೆ ವೀಸಾ ವಿಷ್ಯ ಎಲ್ಲ ಯಾಕೆ ತಿಳ್ಕೊಂಡೆ?" ಎಂದರು ಲೀಲಾವತಿ ಆಂಟಿ, ಮೋಸ ಹೋದವರ ದನಿಯಲ್ಲಿ.

"ಸುಮ್ನೆ, ಆಂಟಿ."

ಯಾರೂ ನಂಬಲಿಲ್ಲ. ಆಫರ್ ಕೈತಪ್ಪಿತು ಪಾಪ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು. ಶೆರಿನ್ ಮಾತ್ರ ಮಗುವಿನ ಬೆನ್ನು ತಟ್ಟುತ್ತಿದ್ದಳು. ಆ ಮೂವರಿದ್ದದ್ದು ಬಾಡಿಗೆಯ ಒಂದೇ ಕೋಣೆಯಲ್ಲಿ. ಅದನ್ನು ನೆನೆದು ವೆನಿಸ್ಸಾಳಿಗೆ ಹಳೆಯ ಹೊಟ್ಟೆನೋವು ಶುರುವಾಯಿತು. ಆದರೂ ಮಾತು ಹಿಂತೆಗೆಯಲಿಲ್ಲ.

ಮರುದಿನ ಮಿಸೆಸ್ ಬ್ರೆನನ್‌ಗೂ ಅವಳೇ ಫೋನ್ ಮಾಡಿದಳು. ನಿಂತೇ ಮಾಡಿದಳು, ಇಂಗ್ಲಿಷಿನಲ್ಲಿ. "ವಿ ಆರ್ ಸ್ಟೇಯಿಂಗ್." ಆ ಕಡೆಯಿಂದ ಉದ್ದಕ್ಕೆ ಏನೇನೋ ಬಂತು. ಅರ್ಧ ತಿಳಿಯಲಿಲ್ಲ. ಕೊನೆಗೆ, ಇಲ್ಲಿನವರು ಸರಿ ಎನ್ನುವುದಕ್ಕೆ ಹೇಳುವ ಗ್ರ್ಯಾಂಡ್ ಕೇಳಿಸಿತು. ಇವಳೂ ಗ್ರ್ಯಾಂಡ್ ಎಂದು, ಆಕೆ ಇನ್ನೇನಾದರೂ ಕೇಳಿಬಿಡುವ ಮೊದಲೇ ಫೋನ್ ಇಟ್ಟಳು.

ಆಮೇಲೆ ಶೆರಿನ್‌ಳ ನಂಬರ್ ಹುಡುಕಿದಳು. ಮನೆ ಕೊಡಲಾಗದು, ಬಿಸಿಲಿರುವಾಗ ಮಗುವನ್ನು ತಂದು ಮನೆ ಹಿಂದಿನ ತೋಟದಲ್ಲಿ ಕೂರಬಹುದು ಎಂದು ಹೇಳಬೇಕಿತ್ತು. ವಾಯ್ಸ್ ಮೆಸೇಜ್ ಮಾಡಲಿಲ್ಲ, ಕರೆಯನ್ನೇ ಒತ್ತಿದಳು.