ಕಾಟಮ್ಮನ ಬಲಗೈ

ದಿನಾ ಸಂಜೆ ಒಲೆ ಮುಂದೆ ಕೂತು ಮೂಗಮ್ಮ ದೇವರನ್ನು ಕೇಳುತ್ತಿದ್ದುದು ಒಂದೇ. ಮಳೆ ಕೇಳಲಿಲ್ಲ, ಬೆಳೆ ಕೇಳಲಿಲ್ಲ, ತನಗೆ ಇನ್ನೊಂದು ಸೀರೆಯನ್ನೂ ಕೇಳಲಿಲ್ಲ. ಓರಗಿತ್ತಿ ಕಾಟಮ್ಮನ ಬಲಗೈ ಬಿದ್ದುಹೋಗಲಿ ಎಂದು ಕೇಳುತ್ತಿದ್ದಳು. ಅದೂ ಪಿಸುಗುಟ್ಟಿ ಅಲ್ಲ. ಗಟ್ಟಿಯಾಗಿ, ಕೈ ಜೋಡಿಸಿ, ಕೊನೆಗೆ ಆಮೆನ್ ಹೇಳಿ.

ಕಾರಣವಿತ್ತು. ನನ್ನನ್ನು ಕೇಳಿದರೆ ಬೇಕಾದಷ್ಟಿತ್ತು. ಬಿ.ಜಿ. ಕೆರೆ ಹತ್ತಿರದ ಆ ಹಟ್ಟಿಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತು, ಕುರಿಮಂದೆ ಎರಡಾಯಿತು. ಗುರುತಿಗೆಂದು ಅಣ್ಣ ಬೋರಣ್ಣ ತನ್ನ ಕುರಿಗಳ ಎಡಗಿವಿಯ ತುದಿ ಕತ್ತರಿಸಿದ. ತಮ್ಮ, ಅಂದರೆ ಮೂಗಮ್ಮನ ಗಂಡ, ತನ್ನವುಗಳ ಅದೇ ಕಿವಿಯ ತುದಿಯನ್ನು ಸೀಳಿಬಿಟ್ಟ. ಮರುವರ್ಷವೇ ತಮ್ಮ ಜ್ವರ ಬಂದು ತೀರಿಕೊಂಡ. ಸೂತಕದ ದಿನಗಳಲ್ಲಿ ಎರಡೂ ಮಂದೆ ಬೋರಣ್ಣನ ರೊಪ್ಪದಲ್ಲೇ ಇದ್ದವು. ತಿಥಿ ಮುಗಿಸಿ ಮೂಗಮ್ಮ ಹೋಗಿ ನೋಡಿದರೆ ಸೀಳುಗಿವಿಯ ಕುರಿ ಒಂದೂ ಇಲ್ಲ! ಎಲ್ಲಕ್ಕೂ ತುದಿ ಕತ್ತರಿಸಿದೆ. ತುದಿಯೇ ಹೋದ ಮೇಲೆ ಸೀಳು ಎಲ್ಲಿ ಉಳಿಯುತ್ತದೆ?

ಬೋರಣ್ಣ ಕುರಿ ಹಿಡಿದುಕೊಟ್ಟ, ಕಾಟಮ್ಮ ಕುಡುಗೋಲಲ್ಲಿ ಕೊಯ್ದಳು ಎಂಬುದು ಹಟ್ಟಿಗೆಲ್ಲ ಗೊತ್ತಿತ್ತು. ಆದರೆ ಪಂಚಾಯ್ತಿಗೆ ಕೂತ ಹಿರಿಯರು ಕಿವಿ ನೋಡಿ, ಎಲ್ಲವೂ ಬೋರಣ್ಣನವೇ ಎಂದು ನ್ಯಾಯ ಹೇಳಿದರು. ಕಾಟಮ್ಮ ಅದೇ ಬಲಗೈ ಎತ್ತಿ ಆಣೆ ಮಾಡಿದಳು. ಮಂದೆಯ ಒಡತಿಯಾಗಿದ್ದ ಮೂಗಮ್ಮ ಮರುದಿನದಿಂದ ಶೇಂಗಾ ಕೀಳುವ ಕೂಲಿಗೆ ಹೊರಟಳು.

ಕೂಲಿಯಲ್ಲಿ ಜೊತೆಯಾದ ಮುದ್ದಕ್ಕ ಅವಳನ್ನು ಸಭೆಗೆ ಕರೆದೊಯ್ದಳು. ಸಭೆ ಎಂದರೆ ತಗಡು ಹೊದಿಸಿದ ಒಂದು ಕೋಣೆ. ಭಾನುವಾರ ಚಳ್ಳಕೆರೆಯಿಂದ ಬಸ್ಸಿನಲ್ಲಿ ಪಾಸ್ಟರ್ ಬಾಲರಾಜ್ ಬರುತ್ತಿದ್ದರು. ಮೂಗಮ್ಮ ಕುರಿಗಳ ಕಥೆ ಹೇಳಿ ಅತ್ತಾಗ ಅವರು, "ಸೇಡು ತೀರಿಸ್ಕೊಳ್ಳೋದು ನಮ್ಮ ಕೆಲಸ ಅಲ್ಲಮ್ಮ. ಅದನ್ನ ದೇವರಿಗೆ ಬಿಟ್ಬಿಡಿ," ಅಂದರು. ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ಮುಂದಿನ ಬೇಸಿಗೆಗೆ ದೀಕ್ಷಾಸ್ನಾನವನ್ನೇ ತೆಗೆದುಕೊಂಡಳು. ಕಾಟಮ್ಮನ ಜುಟ್ಟಿಗೆ ಕೈ ಹಾಕುವ ಆಸೆಯನ್ನು ತಾನು ಬಿಟ್ಟಿದ್ದಾಯಿತು. ಬಿಟ್ಟ ಕೆಲಸವನ್ನು ಇನ್ನು ದೇವರೇ ಮಾಡಬೇಕಲ್ಲ? ಹಾಗೆ ಅವಳಷ್ಟು ದೇವರನ್ನೇ ನೆಚ್ಚಿಕೊಂಡವರು ಆ ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ.

ಸಭೆಯಲ್ಲಿ ಹಿಡಿ ರಾಗಿ ಎಂಬ ಪದ್ಧತಿಯಿತ್ತು. ಅಡಿಗೆ ಮಾಡುವಾಗಲೆಲ್ಲ ತಮ್ಮ ಪಾಲಿನಿಂದ ಒಂದು ಹಿಡಿ ತೆಗೆದಿಟ್ಟು ಭಾನುವಾರ ಸಭೆಯ ಡಬ್ಬಕ್ಕೆ ಸುರಿಯಬೇಕು. ಯಾರ ಮನೆಯ ಒಲೆ ಆರಿದೆಯೋ, ಅವರು ಸಭೆಯವರಿರಲಿ ಬಿಡಲಿ, ಅವರಿಗೆ ಅದು ಹೋಗಬೇಕು. ಹೆಚ್ಚು ಕೊಟ್ಟವರೇ ಹೊತ್ತುಕೊಂಡು ಹೋಗಬೇಕು. "ನಿಮ್ಮನ್ನ ನೀವೇ ಬೇಡ ಅನ್ನೋದು ಕಲೀರಿ," ಎಂದು ಪಾಸ್ಟರ್ ಹೇಳಿದ್ದನ್ನು ಮೂಗಮ್ಮ ಹೊಟ್ಟೆಗೆ ಅನ್ವಯಿಸಿಕೊಂಡಳು. ಒಂದು ಹಿಡಿಯ ಬದಲು ಬೊಗಸೆ ತೆಗೆದಳು. ಎಲೆಅಡಿಕೆ ಬಿಟ್ಟಳು, ಬೆಳಗಿನ ಊಟ ಬಿಟ್ಟಳು. ಕೆನ್ನೆ ಒಳಗೆ ಹೋಯಿತು. ಒಂದೊಂದು ಬೊಗಸೆ ತೆಗೆದಾಗಲೂ "ಆ ಕೈ ಬೀಳಲಿ" ಎಂದಳು. ಸಭೆಯವರಿಗೆ ಬೊಗಸೆ ಕಂಡಿತೇ ಹೊರತು ಶಾಪ ಕೇಳಲಿಲ್ಲ. ಎಂಥಾ ತ್ಯಾಗ ಎಂದು ಹೊಗಳಿದರು.

ಕಾರ್ಗಿಲ್ ಯುದ್ಧ ನಡೆದ ವರ್ಷ, ಶ್ರಾವಣದಲ್ಲಿ, ಕಾಟಮ್ಮನಿಗೆ ಲಕ್ವ ಹೊಡೆಯಿತು. ಬಿದ್ದುಹೋಗಿದ್ದು ಬಲಗೈಯೇ.

ಮೂಗಮ್ಮನಿಗೆ ಸಂತೋಷವಾಯಿತು. ಸುಳ್ಳು ಯಾಕೆ, ಕುಣಿಯುವಷ್ಟು ಸಂತೋಷವಾಯಿತು. ಗಂಡ ಸತ್ತ ಮೇಲೆ ಮೊದಲ ಸಲ ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡಳು. ಚಳ್ಳಕೆರೆ ಆಸ್ಪತ್ರೆಯಿಂದ ಹೆಂಡತಿಯನ್ನು ಮನೆಗೆ ತಂದುಬಿಟ್ಟ ಬೋರಣ್ಣ, ಕುರಿಗೆ ಮೇವಿಲ್ಲವೆಂದು ಮಗನನ್ನು ಕರೆದುಕೊಂಡು ಮಂದೆಯೊಂದಿಗೆ ಆಂಧ್ರದ ಕಡೆ ನಡೆದುಬಿಟ್ಟ. ಅಕ್ಕಪಕ್ಕದವರು ಮೊದಲೆರಡು ದಿನ ಊಟ ತಂದುಕೊಟ್ಟರು. ಕಾಟಮ್ಮ ಸಾರಿಗೆ ಹುಳಿಯಿಲ್ಲ, ಮುದ್ದೆಯಲ್ಲಿ ಗಂಟು ಎಂದು ಹೆಸರಿಟ್ಟಳು. ಅವರೂ ತರುವುದು ನಿಲ್ಲಿಸಿದರು. ಗೋಡೆಯಾಚೆ ಮುದ್ದೆ ಕೋಲಿನ ಸದ್ದಿಲ್ಲ, ಹೊಗೆಯಿಲ್ಲ. ಆ ನಿಶ್ಶಬ್ದಕ್ಕೆ ಕಿವಿ ಕೊಟ್ಟು ಮೂಗಮ್ಮ ನೆಮ್ಮದಿಯಾಗಿ ಕೂತಿರುತ್ತಿದ್ದಳು.

ಭಾನುವಾರ ಬಂತು. ಡಬ್ಬ ತುಂಬಿತ್ತು.

"ಯಾರ ಮನೆಗೆ ಹೋಗಬೇಕು?" ಪಾಸ್ಟರ್ ಕೇಳಿದರು.

"ಕಾಟಮ್ಮನ ಮನೆಗೆ, ಅಯ್ಯನೋರೇ," ಎಂದಳು ಮುದ್ದಕ್ಕ. "ಪಾಪ, ಉಪವಾಸ ಬಿದ್ದೈತೆ ಜೀವ."

ಪಾಸ್ಟರ್ ಮೂಗಮ್ಮನತ್ತ ತಿರುಗಿದರು. "ಗೋಡೆ ಪಕ್ಕದೋರು ನೀವು. ನೀವೇ ಹೇಳಿ, ಅವರ ಒಲೆ ಉರೀತಾ ಇದೆಯಾ?"

ಉರಿಯುತ್ತಿದೆ ಎಂದರೆ ಮುಗಿಯಿತು. ಇಷ್ಟು ವರ್ಷ ಹಸಿದು ಕಾದು ಪಡೆದ ಸೇಡು ಅವಳ ಕೈಯಲ್ಲೇ ಉಳಿಯುತ್ತದೆ. ಇಲ್ಲ ಎಂದರೆ, ಶಾಪ ಹಾಕಿ ಕೂಡಿಟ್ಟ ರಾಗಿಯನ್ನು ತಾನೇ ಹೊತ್ತು ಆ ಬಾಯಿಗೆ ಸುರಿಯಬೇಕು. ಪಂಚಾಯ್ತಿಯಲ್ಲಿ ಸುಳ್ಳು ಆಣೆಗೆ ಎತ್ತಿದ ಆ ಕೈ ಅವಳ ಕಣ್ಣ ಮುಂದೆ ಬಂತು. ಈಗ ಸುಳ್ಳಾಡಿದರೆ ತನ್ನದೂ ಅಂಥದೇ ಕೈ.

"ಇಲ್ಲ," ಎಂದಳು. "ನಾಕು ದಿನದಿಂದ ಉರಿದಿಲ್ಲ."

ಗಿರಣಿಗೆ ಹಾಕಿಸಿದ ಹಿಟ್ಟಿನ ಚೀಲ ಹೊತ್ತು ಮೂಗಮ್ಮ ಆ ಹೊಸಿಲು ದಾಟಿದಳು. ಚೀಲವನ್ನು ಕಾಟಮ್ಮನ ಮುಂದೆ ಎತ್ತಿ ಹಾಕಿ, ಕಣ್ತುಂಬ ನೋಡಿ ಬರುವುದೆಂದು ತೀರ್ಮಾನಿಸಿಕೊಂಡೇ ಹೋಗಿದ್ದಳು. ಕಾಟಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು.

"ತಗ. ಸಭೇದು," ಎಂದಳು ಮೂಗಮ್ಮ.

"ಹಿಟ್ಟು ತಿಂತಾರೇನೇ?" ಕಾಟಮ್ಮನ ಬಾಯಿ ಸೊಟ್ಟಗಾಗಿತ್ತು, ಗತ್ತು ಮಾತ್ರ ನೆಟ್ಟಗೇ ಇತ್ತು. "ತಿರುವಾಕೆ ಕೈ ಎಲ್ಲೈತೆ?"

ಬೈಯುತ್ತಲೇ ಮೂಗಮ್ಮ ಒಲೆ ಹಚ್ಚಿದಳು. ಮುದ್ದೆ ತಿರುವಿದಳು, ಹುರುಳಿ ಸಾರು ಕಾಸಿದಳು. ತಟ್ಟೆ ಮುಂದಿಟ್ಟಳು.

"ಎಡಗೈಲಿ ಉಣ್ಣಲ್ಲ ನಾನು."

"ಹಂಗಾರೆ ಸಾಯಿ."

"ಸಾಯ್ತೀನಿ. ಎಡಗೈಲಿ ಮಾತ್ರ ಉಣ್ಣಲ್ಲ."

ತಟ್ಟೆಯಿಂದ ಹಬೆ ಏಳುತ್ತಿತ್ತು. ಮೂಗಮ್ಮ ಎದ್ದು ಬಾಗಿಲವರೆಗೆ ಹೋದಳು. ತಿರುಗಿ ಬಂದಳು. ಕುಕ್ಕರಿಸಿ ಕೂತು ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಆ ಬಾಯಿಗೆ ತುರುಕಿದಳು. ತುರುಕಿದಳು ಎಂದೇ ಹೇಳಬೇಕು. ಪ್ರೀತಿಯಿಂದ ಉಣಿಸಿದಳು ಎಂದು ನಾನು ಬರೆಯಲಾರೆ.

ಮೂರನೇ ತುತ್ತು ನುಂಗಿ ಕಾಟಮ್ಮ ಹೇಳಿದಳು, "ನೀನು ಬೇಡ್ಕೊಂಡಿದ್ದು ನಂಗೆ ಗೊತ್ತೈತೆ. ಮಧ್ಯ ಇರೋದು ಮಣ್ಣಿನ ಗೋಡೆ. ದಿನಾ ಕೇಳಿಸ್ತಿತ್ತು."

ಮೂಗಮ್ಮನ ಕೈ ನಿಂತಿತು. "ಹೂಂ, ಬೇಡ್ಕೊಂಡೆ. ಕುರಿ ಕಿವಿ ಕೊಯ್ದೋರು ಯಾರು?"

"ನಾನೇ."

ಪಂಚಾಯ್ತಿಯಿಲ್ಲ, ಸಾಕ್ಷಿಯಿಲ್ಲ. ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಮುದ್ದೆ ತುಂಬಿದ ಬಾಯಿಂದ ಬಿದ್ದುಬಿಟ್ಟಿತ್ತು. ಮೂಗಮ್ಮನಿಗೆ ಅಳು ಬಂತು. ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಸಾರಿಗೆ ಉಪ್ಪು ಸಾಲ್ದು," ಎಂದಳು ಕಾಟಮ್ಮ, ಬಾಯಿ ತೆರೆದು ಕಾಯುತ್ತಾ.

ತಟ್ಟೆ ಖಾಲಿಯಾಗುವವರೆಗೆ ಉಣಿಸಿ, ಬಾಯಿ ಒರೆಸಿ, ಮೂಗಮ್ಮ ತನ್ನ ಮನೆಗೆ ಬಂದಳು. ಒಲೆ ಹಚ್ಚಿ ಎಂದಿನಂತೆ ಬೊಗಸೆ ತೆಗೆದಳು. ಎಂದಿನಂತೆ ಬಾಯಿ ತೆರೆದಳು. ಆ ಕೈ ಬಿದ್ದಾಗಿತ್ತು. ಇನ್ನು ಏನನ್ನು ಕೇಳುವುದು? ನಾಳೆಯೂ ಉಣಿಸಬೇಕು, ನಾಡಿದ್ದೂ ಉಣಿಸಬೇಕು. ಊಟ ಬಿಟ್ಟಷ್ಟು ಸುಲಭವಾಗಿ ಈ ಹಗೆಯನ್ನು ಬಿಡಲಾಗುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಬೊಗಸೆಯ ರಾಗಿಯನ್ನು ತೆಗೆದಿಟ್ಟಳು. ಆಮೇಲೆ ತನ್ನ ಕಿವಿಗಷ್ಟೇ ಬೀಳುವಷ್ಟು ಮೆಲ್ಲಗೆ ಅಂದಳು, "ಆ ಕೈ ವಾಸಿ ಮಾಡಪ್ಪ."

ಗೋಡೆಯಾಚೆಯಿಂದ ಸೊಟ್ಟ ಬಾಯಿಯ ದನಿ ಬಂತು. "ಏನಂದೆ? ಜೋರಾಗಿ ಹೇಳೇ. ಶಾಪ ಹಾಕುವಾಗ ಚೆನ್ನಾಗಿ ಕೇಳಿಸ್ತಿತ್ತು!"

ಮೂಗಮ್ಮ ಹಲ್ಲು ಕಚ್ಚಿದಳು. ಗೋಡೆಗೆ ಮುಖ ಮಾಡಿ, ಮತ್ತೊಮ್ಮೆ, ಜೋರಾಗಿ ಹೇಳಿದಳು.