ಟೋಕಿಯೋಗೆ ಎಂಟೂವರೆ ಗಂಟೆ, ಮೊಗ್ಗಿಗೆ ನಾಲ್ಕು ದಿನ

೧
ಎಲ್ಲಿಂದ ಶುರುಮಾಡಲಿ? ವಿಮಾನ ಹಾರುವ ಕಡೆಯಿಂದ ಎಂದುಕೊಂಡಿದ್ದೆ. ಬೆಂಗಳೂರಿನಿಂದ ಟೋಕಿಯೋಗೆ ಸುಮಾರು ಆರು ಸಾವಿರದ ಏಳುನೂರು ಕಿಲೋಮೀಟರ್, ನೇರ ಹೋದರೆ ಎಂಟೂವರೆ ಗಂಟೆ. ಭರ್ಜರಿ ಸಾಲು.

ಮುನಿಲಕ್ಷ್ಮಮ್ಮ ಒಪ್ಪಲಿಲ್ಲ. ತೂಬಗೆರೆ ಹತ್ತಿರದ ಪಾಲಿಹೌಸಿನಲ್ಲಿ ಹದಿನಾರು ವರ್ಷದಿಂದ ಗುಲಾಬಿ ಕುಯ್ಯುವ ಹೆಂಗಸು ಆಕೆ. ಮೊಗ್ಗು ಎಷ್ಟು ಬಿಗಿಯಿದ್ದಾಗ ಕುಯ್ಯಬೇಕೆಂದು ಹೇಳುವುದು ಆಕೆಯೇ. ಉಳಿದ ಮೂವತ್ತು ಕತ್ತರಿಗಳು ಆಕೆಯ ಕೈ ನೋಡಿ ಆಡುತ್ತವೆ. ಹೂವಿನ ಕಥೆ ಗಿಡದಿಂದ ಶುರುವಾಗಬೇಕು, ಇಮಾನದಿಂದಲ್ಲ ಅಂದಳು. ಸರಿ, ಆ ಸಾಲು ಹೊಡೆದುಹಾಕಿದೆ. (ನೀವು ಆಗಲೇ ಓದಿಬಿಟ್ಟಿರಿ. ಇರಲಿ.)

೨
ಹೊಸ ಸೂಪರ್‌ವೈಸರ್ ಮನೋಹರ್ ಬಂದು ಮೊಬೈಲಿನಲ್ಲಿ ಟೋಕಿಯೋ ವಿಮಾನದ ಸಮಯ ತೋರಿಸಿದ. ಎಂಟೂವರೆ ಗಂಟೆಯ ದಾರಿಗೆ ಕಲ್ಲಿನಂಥ ಮೊಗ್ಗು ಯಾಕೆ, ಎರಡು ಎಸಳು ಬಿಚ್ಚಿದ ಮೇಲೆ ಕುಯ್ಯಿರಿ ಎಂದ. (ಹುಡುಗ ಕೆಟ್ಟವನಲ್ಲ. ಕೆಟ್ಟವನಾಗಿಸೋಣ ಎಂದು ಒಂದು ಮೀಸೆ ಕೊಟ್ಟು ನೋಡಿದೆ, ಒಪ್ಪಲಿಲ್ಲ, ತೆಗೆದೆ.)

“ಇಮಾನಕ್ಕೆ ಎಂಟೂವರೆ ಗಂಟೆ ಕಣಪ್ಪಾ, ಹೂವಿಗೆ ನಾಲ್ಕು ದಿನ,” ಅಂದಳು ಮುನಿಲಕ್ಷ್ಮಮ್ಮ. “ಇಲ್ಲಿ ಕೋಲ್ಡ್ ರೂಮಲ್ಲಿ ಒಂದು ದಿನ, ದೇವನಹಳ್ಳೀಲಿ ತಪಾಸಣೆ ಅಂತ ಒಂದು ದಿನ. ಅಲ್ಲಿಳಿದ ಮ್ಯಾಲೆ ಇನ್ನೆರಡು ದಿನ ಅವ್ರು ಭೂತಗನ್ನಡಿ ಹಿಡ್ಕೊಂಡು ಹುಳ ಹುಡುಕ್ತಾರೆ. ನಿನ್ನ ಫೋನು ಕ್ಯೂನಲ್ಲಿ ನಿಂತಿದ್ದು ಲೆಕ್ಕ ಹಾಕ್ತದಾ?”

ಈ ಸಲ ತನ್ನ ಮಾತು ನಡೆಯಲಿ ಎಂದ ಮನೋಹರ್. ನಡೆಯಿತು. ನಲವತ್ತು ಪೆಟ್ಟಿಗೆ ಹೋಯಿತು.

೩
ಒಂದನೇ ಮುಕ್ತಾಯ: ಪೆಟ್ಟಿಗೆ ಬಿಚ್ಚಿದರೆ ಎಸಳೆಲ್ಲ ಉದುರಿವೆ. ಮನೋಹರನ ಮುಖ ಹುಳ್ಳಗಾಯಿತು. ಮುನಿಲಕ್ಷ್ಮಮ್ಮ ಗೆದ್ದಳು. ನಾನು ಹಿಗ್ಗಿದೆ.

ಆಕೆ ಹಿಗ್ಗಲಿಲ್ಲ. “ಹೂವು ಉದುರಿದ್ರೆ ಆರ್ಡರು ಬೇರೆ ದೇಶದೋರಿಗೆ ಹೋಯ್ತದೆ. ಮೂವತ್ತು ಜನ ಹೆಂಗಸ್ರು ಮನೇಲಿ ಕೂತ್ಕೋಬೇಕು. ನಾನು ಗೆದ್ದು ಯಾರ ಮುಂದೆ ಮೆರೀಲಿ ಅಣ್ಣಾ, ನಿನ್ನ ಮುಂದೇನಾ?”

೪
ಎರಡನೇ ಮುಕ್ತಾಯ: ಹೂವು ಘಮಘಮಿಸುತ್ತ ತಲುಪಿತು. (ರಫ್ತಿನ ಗುಲಾಬಿಗೆ ವಾಸನೆ ಎಲ್ಲಿಂದ ಬರಬೇಕು ಎಂದು ತಿದ್ದಿದಳು.) ಹಾಗಾದರೆ ಇನ್ನು ಮುಂದೆ ಹದ ಹೇಳುವುದು ಫೋನು; ಆಕೆ ಬಕೆಟ್ಟಿಗೆ ನೀರು ತುಂಬಬೇಕು.

ಇದನ್ನು ಓದಿ ಹೇಳಿದಾಗ ಕತ್ತರಿಯನ್ನು ಸೆರಗಿಗೆ ಒರೆಸಿದಳು. ಆಮೇಲೆ, ತಾನು ಸೋತರೆ ಸೋಲಲಿ, ಹೂವು ಚೆನ್ನಾಗಿ ಮುಟ್ಟಿತು ಅಂತಲೇ ಬರಿ ಅಂದಳು.

ಬರೆಯಲು ಹೋದೆ. ಕೈ ಬರಲಿಲ್ಲ.

೬
(ಐದನ್ನು ಹರಿದೆ. ಅದರಲ್ಲಿ ಇಬ್ಬರೂ ರಾಜಿಯಾಗಿ ಕಾಫಿ ಕುಡಿಯುತ್ತಿದ್ದರು.)

ವಿಮಾನವನ್ನು ಬಂಗಾಳಕೊಲ್ಲಿಯ ಮೇಲೆ ನಿಲ್ಲಿಸಿಬಿಟ್ಟೆ. ನನ್ನ ಕಥೆ, ನನ್ನ ವಿಮಾನ. ಇಳಿಯದಿದ್ದರೆ ಗೆಲುವೂ ಇಲ್ಲ, ಸೋಲೂ ಇಲ್ಲ.

ಆದರೆ ಪಾಲಿಹೌಸಿನಲ್ಲಿ ಬೆಳಗಾಯಿತು. ಗಿಡಕ್ಕೆ ನನ್ನ ಉಪಾಯ ಗೊತ್ತಿಲ್ಲ, ಮೊಗ್ಗುಗಳು ಉಬ್ಬುತ್ತಿವೆ. ಹೆಂಗಸರು ಸಾಲುಗಳಲ್ಲಿ ಕಾಯುತ್ತಿದ್ದಾರೆ. ಮನೋಹರ್ ಸುದ್ದಿ ಬಾರದ ಫೋನನ್ನು ಜೇಬಿಗೆ ಹಾಕಿ, ಆಕೆಯ ಪಕ್ಕ ಬಂದು ಗಂಟಲು ಸರಿಮಾಡಿಕೊಂಡ.

“ಇವತ್ತು ಯಾವ ಹದಕ್ಕೆ ಕುಯ್ಯೋದಮ್ಮಾ?”

ಮುನಿಲಕ್ಷ್ಮಮ್ಮ ಒಂದು ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದಳು. ನಾನೂ ಬಗ್ಗಿದೆ. ಏನು ಹೇಳ್ತೀಯ, ಏನಂತ ಬರೀಲಿ ಎಂದು ಕೇಳಿದೆ.

“ಬೆಳಕಿಗೆ ಅಡ್ಡ ನಿಂತಿದ್ದೀಯ ಅಣ್ಣಾ,” ಅಂದಳು, ಮೊಗ್ಗಿನಿಂದ ಕಣ್ಣು ತೆಗೆಯದೆ.

ಸರಿದು ನಿಂತೆ.