ಅಪ್ಪನ ಬಾಯಲ್ಲಿ ಉಳಿದದ್ದು

ದೀಪ ಹಚ್ಚುವ ಹೊತ್ತಿಗೆ ಅಪ್ಪ ಈಚಲ ಚಾಪೆ ಬಿಚ್ಚಿ ನಡುಮನೆಯಲ್ಲಿ ಹಾಸುತ್ತಿದ್ದರು. ಬೇಕರಿಯ ಭಟ್ಟಿಯ ಮುಂದೆ ದಿನವಿಡೀ ಬೆಂದು ಬಂದ ಮನುಷ್ಯ. ಮೊಣಕೈಗೆ ಮೆತ್ತಿದ ಮೈದಾ ತೊಳೆಯುವ ಮೊದಲೇ ಚಾಪೆ. ಅದನ್ನು ಹಾಸಿದರೆಂದರೆ ಒಲೆಯ ಮೇಲಿನ ಸಾರು ಉಕ್ಕಲಿ, ಬಾಗಿಲಲ್ಲಿ ನೆಂಟರು ನಿಂತಿರಲಿ, ಅವ್ವ, ಅಕ್ಕ ಸುಗಂಧಾ ಮತ್ತು ನಾನು ಮೊಣಕಾಲೂರಿ ಕಣ್ಣು ಮುಚ್ಚಲೇಬೇಕು.

ಪ್ರಾರ್ಥನೆ ಅಪ್ಪನೇ ಕಟ್ಟಿದ್ದು. "ಕರ್ತನೇ, ಬೆಳಕಿಗೆ ಸ್ತೋತ್ರ, ಅನ್ನಕ್ಕೆ ಸ್ತೋತ್ರ. ಈ ಮನೆಯ ಹೊಸ್ತಿಲು ಕಾಪಾಡು, ಒಲೆ ಕಾಪಾಡು, ಮಕ್ಕಳ ಕಾಲು ಎಡವದಂತೆ ಕಾಪಾಡು. ನಾವು ಕೇಳಲು ಮರೆತದ್ದನ್ನು ನೀನು ಮರೆಯಬೇಡ. ಆಮೆನ್." ವರ್ಷಗಟ್ಟಲೆ ಅದರಲ್ಲಿ ಒಂದಕ್ಷರ ಬದಲಾಗಲಿಲ್ಲ. ಪಾದ್ರಿ ಅಯ್ಯನವರು ಒಮ್ಮೆ, "ಗಿದ್ಯೋನಪ್ಪ, ದೇವರ ಹತ್ರ ಹೊಸಾದು ಏನರ ಕೇಳ್ರಿ" ಎಂದು ನಕ್ಕರು. "ದಿನಾ ಅದ ಹಿಟ್ಟು ನಾದತೀನ್ರಿ ಅಯ್ಯನವರ. ಹಂಗಂತ ಬ್ರೆಡ್ ಹಳೇದಾಗಿರ್ತೈತೇನ್ರಿ?" ಎಂದರು ಅಪ್ಪ. ನಾನೋ, ಅದು ಬಾಯಿಪಾಠವೆಂದು ಒಂದು ಕಣ್ಣು ಅರೆತೆರೆದು ಗೋಡೆಯ ಹಲ್ಲಿ ಎಲ್ಲಿಗೆ ಹೋಯಿತೆಂದು ನೋಡುತ್ತಿದ್ದವಳು.

ಒಂದು ಬೆಳಗ್ಗೆ ಭಟ್ಟಿಯ ಮುಂದೆಯೇ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಅವ್ವನ ಹೆಸರು ಕೂಡ ಬಾಯಿಗೆ ಬಾರದೆ ಬರಿಯ 'ಬಬ್ಬ' ಎನ್ನುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಮಂಚದಿಂದ ಸ್ಪಷ್ಟವಾದ ದನಿ ಬಂತು: "ಕರ್ತನೇ, ಬೆಳಕಿಗೆ ಸ್ತೋತ್ರ..." ಒಂದು ಪದವೂ ತೊದಲಲಿಲ್ಲ. ಅವ್ವ ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟು ಮಂಚದ ಬುಡದಲ್ಲಿ ಮೊಣಕಾಲೂರಿ ಅತ್ತಳು. ಭಾನುವಾರ ದೇವಾಲಯದಲ್ಲಿ ಅಯ್ಯನವರು, "ಮಾತು ಹೋದರೂ ಪ್ರಾರ್ಥನೆ ಹೋಗಲಿಲ್ಲ" ಎಂದು ಸಾಕ್ಷಿ ಹೇಳಿದರು. ಜನ ಮರುಳೋ ಜಾತ್ರೆ ಮರುಳೋ! ಸಂಜೆಗೆ ಮಾತ್ರ ಬಿಚ್ಚುತ್ತಿದ್ದ ಚಾಪೆ ಈಗ ಬೆಳಗಿನಿಂದ ಹಾಸಿಯೇ ಇರುತ್ತಿತ್ತು. ಬಂದವರು ಬಾಳೆಹಣ್ಣು, ಪೇಡೆ, ಬೆಣ್ಣೆ ಬಿಸ್ಕತ್ತು ತಂದು ಮಂಚದ ತಲೆಗಡೆ ಇಟ್ಟು ಕಾಯುತ್ತಿದ್ದರು. ಅಪ್ಪ ಶುರುಮಾಡಿದರೆ ಸಾಕು, ಎಲ್ಲರ ತಲೆ ಬಾಗುತ್ತಿತ್ತು. ನನಗೂ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ?

ಅಂಥ ಒಂದು ದಿನ, ಅಯ್ಯನವರೂ ಬಂದು ಕುಳಿತಿದ್ದಾಗ, ಅಪ್ಪ ಪ್ರಾರ್ಥನೆ ಮುಗಿಸಿ ಮತ್ತೆ ಮೊದಲಿನಿಂದ ಹಿಡಿದರು. ಮುಗಿಸಿ, ಮತ್ತೆ. ದನಿ ಏರುತ್ತ ಹೋಯಿತು. "ಸ್ತೋತ್ರ, ಸ್ತೋತ್ರ! ಪವಿತ್ರಾತ್ಮ ತುಂಬೇತಿ ನೋಡ್ರಿ" ಎಂದರು ಸಭೆಯ ಹಿರಿಯ ಲಾಜರಪ್ಪ, ಕಣ್ಣು ಮುಚ್ಚಿಕೊಂಡೇ. ಹಳೆಯ ಚಾಳಿಯಂತೆ ನಾನು ಕಣ್ಣು ತೆರೆದೆ.

ಪೇಡೆಯ ಪೊಟ್ಟಣದಿಂದ ಹೊರಟ ಕೆಂಪಿರುವೆಯ ಸಾಲು ದಿಂಬು ಹತ್ತಿ ಅಪ್ಪನ ಕುತ್ತಿಗೆಗೆ, ಕಿವಿಗೆ, ಕಣ್ಣಂಚಿಗೆ ಮುತ್ತಿತ್ತು. ಅವರ ಎಡಗೈ ಎಷ್ಟು ಎಳೆದರೂ ಮುಖಕ್ಕೆ ಎಟುಕುತ್ತಿರಲಿಲ್ಲ. ಆ ಕೈಯ ಮೇಲಿನ ಹೊದಿಕೆಯನ್ನು ಅದುಮಿಕೊಂಡು ಲಾಜರಪ್ಪ ಮಂಚದಂಚಿಗೆ ಕುಳಿತಿದ್ದರು. ಅಪ್ಪ ಅವ್ವನನ್ನೇ ದಿಟ್ಟಿಸುತ್ತಿದ್ದರು. ಕಣ್ಣಿಂದ ನೀರಿಳಿಯುತ್ತಿತ್ತು. "ಮಕ್ಕಳ ಕಾಲು ಎಡವದಂತೆ ಕಾಪಾಡು" ಎಂದು ಕೂಗುತ್ತಿದ್ದರು. ಮನೆ ತುಂಬ ಜನ, ಎಲ್ಲರೂ ಕಣ್ಣು ಮುಚ್ಚಿ "ಆಮೆನ್" ಅಂದರು.

"ಅವ್ವಾ, ಇರುವಿ!" ಎಂದು ಚೀರಿದೆ.

ಇರುವೆ ಝಾಡಿಸಿ, ಊದಿಕೊಂಡ ಕುತ್ತಿಗೆಗೆ ಎಣ್ಣೆ ಹಚ್ಚಿ ಅವ್ವ ಎದ್ದು ನಿಂತಳು. "ಎಲ್ಲಾರೂ ನಿಮ್ಮ ನಿಮ್ಮ ಮನೀಗೆ ನಡೀರಿ" ಎಂದಳು. ಅಯ್ಯನವರ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆಗ ಹೊಳೆಯಿತು, ಅಪ್ಪ ಇಷ್ಟು ದಿನ ನಮ್ಮನ್ನು ಕರೆಯುತ್ತಿದ್ದರು. ಕರೆಯಲು ಅವರ ಬಳಿ ಉಳಿದಿದ್ದ ಮಾತು ಆ ಪ್ರಾರ್ಥನೆಯೊಂದೇ.

ಅಂದಿನಿಂದ "ಕರ್ತನೇ" ಎಂದು ಕೇಳಿದೊಡನೆ ಅವ್ವ ಲೋಟದಲ್ಲಿ ನೀರು ಹಿಡಿದು ಓಡುತ್ತಿದ್ದಳು. "ಯಾಕ್ರೀ, ಏನು ಬೇಕ್ರೀ? ನೀರೇನು? ಮಗ್ಗಲಾ ಹೊಳ್ಳಿಸ್ಲೇನು?" ಒಮ್ಮೊಮ್ಮೆ ಸರಿಹೋಗುತ್ತಿತ್ತು. ಹೆಚ್ಚಿನ ಸಲ ಇಲ್ಲ. ನೀರಡಿಕೆಗೂ ನೋವಿಗೂ ನೊಣಕ್ಕೂ ಅದೇ ಪ್ರಾರ್ಥನೆ. ತಿಳಿಯುವುದಾದರೂ ಹೇಗೆ?

ಕೊನೆಯ ದಿನ ಅಪ್ಪ ಬೆಳಗಿನಿಂದಲೇ ಶುರುಮಾಡಿದರು. ನೀರು ಕೊಟ್ಟರೆ ತುಟಿ ಬಿಗಿಹಿಡಿದರು. ಹೊದಿಕೆ ತೆಗೆದೆವು, ಹೊದಿಸಿದೆವು. ಕಿಟಕಿ ತೆರೆದೆವು. ಅಕ್ಕನನ್ನು ಮುಂದೆ ನಿಲ್ಲಿಸಿದರೆ ಎಡಗೈಯಿಂದ ಮೆಲ್ಲಗೆ ಸರಿಸಿದರು, ನನ್ನನ್ನೂ ಸರಿಸಿದರು. ಮತ್ತೆ ಮೊದಲಿನಿಂದ. ಅವ್ವ ಅವರ ಪಾದ ಹಿಡಿದು ನೆಲಕ್ಕೆ ಕುಸಿದಳು. "ಆ ಕರ್ತಗ ತಿಳೀತೈತೇನೋ, ನನಗ ತಿಳೀವಲ್ದು ರೀ. ನನಗ ತಿಳೀವಲ್ದು!" ಅಪ್ಪ ಅವಳನ್ನು ನೋಡುತ್ತಲೇ ಇನ್ನೊಮ್ಮೆ ಆರಂಭಿಸಿದರು, ಮುಗಿಸಲಿಲ್ಲ. ಏನು ಬೇಕಿತ್ತೋ ನಮಗೆ ಇಂದಿಗೂ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಸಂಜೆ, ಯಾರಾದರೂ ಒಬ್ಬರು ಪ್ರಾರ್ಥನೆ ನಡೆಸಬೇಕಲ್ಲ ಎಂದು ಅಕ್ಕ ಕಣ್ಣು ಮುಚ್ಚಿ "ಕರ್ತನೇ, ಬೆಳಕಿಗೆ ಸ್ತೋತ್ರ" ಎಂದಳು. ಅವ್ವ ದಡಕ್ಕನೆ ಎದ್ದು ಒಳಗೆ ಹೋಗಿ ನೀರು ತಂದಳು. ಬಂದವಳು ನಡುಮನೆಯಲ್ಲಿ ನಿಂತುಬಿಟ್ಟಳು. ಅತ್ತ ನೋಡಿದಳು, ಇತ್ತ ನೋಡಿದಳು. ಕೊನೆಗೆ ನನ್ನ ಬಳಿ ಬಗ್ಗಿ, "ಏನು ಬೇಕ ಯವ್ವಾ? ನೀರೇನು?" ಎಂದು ಪಿಸುಗುಟ್ಟಿದಳು.

ನನಗೆ ನೀರಡಿಕೆಯಿರಲಿಲ್ಲ. ಲೋಟ ಇಸಿದುಕೊಂಡು, ಅವಳು ನೋಡುತ್ತಿರುವಂತೆಯೇ, ಒಂದು ಹನಿಯೂ ಉಳಿಸದೆ ಕುಡಿದೆ.